ಇಮೋಜಿ: ಮೊಬೈಲ್‌ನಲ್ಲಿ ಹೆಬ್ಬೆಟ್ಟು ಒತ್ತುವ ಮೊದಲು ತಿಳಿದಿರಲಿ

ವಾದಿ ಅದಾಯ್‌ನ ರೂಮುಗಳಿಂದ ಮಂಗಳೂರು, ಉಡುಪಿ, ಭಟ್ಕಳದ ಮನೆಗಳಿಗೆ ಹೋಗುವ ಮೆಸೇಜ್‌ಗಳಲ್ಲಿ ಅಕ್ಷರದ ಜೊತೆ ಇಮೋಜಿಯೂ ಇದ್ದೇ ಇರುತ್ತದೆ. ಡ್ಯೂಟಿ ಮುಗಿಸಿ ಬಂದ ಮೇಲೆ ಉದ್ದ ಬರೆಯಲು ಯಾರಿಗೆ ಪುರುಸೊತ್ತು? ಆದರೆ ಈ ಪುಟ್ಟ ಚಿತ್ರದ ಅರ್ಥ ತಪ್ಪಿದರೆ ಮನಸ್ಸೂ ಕೆಡುತ್ತದೆ, ಕೆಲವೊಮ್ಮೆ ದುಡ್ಡೂ ಹೋಗುತ್ತದೆ.

ಎಲ್ಲಿಂದ ಬಂತು?
ಇಮೋಜಿ ಜಪಾನಿ ಪದ. 'ಎ' ಎಂದರೆ ಚಿತ್ರ, 'ಮೊಜಿ' ಎಂದರೆ ಅಕ್ಷರ. 1999ರಲ್ಲಿ ಶಿಗೆಟಾಕಾ ಕುರಿಟಾ ಅವರು ಡೊಕೊಮೊ ಕಂಪನಿಯ ಮೊಬೈಲ್‌ಗಳಿಗಾಗಿ 176 ಚಿತ್ರಗಳನ್ನು ರೂಪಿಸಿದರು. 2010ರಲ್ಲಿ ಇಮೋಜಿಗಳು ಯೂನಿಕೋಡ್‌ಗೆ ಸೇರಿದವು, ಆಮೇಲೆ ಎಲ್ಲ ಫೋನ್‌ಗಳಿಗೂ ಬಂದವು.

ಕೆಲವೊಮ್ಮೆ ಚೌಕ ಕಾಣುವುದೇಕೆ?
ನೀವು ಕಳಿಸುವುದು ಫೋಟೋ ಅಲ್ಲ. 'ಕ', 'ಖ'ಗಳಿಗೆ ಇರುವಂತೆ ಇಮೋಜಿಗೂ ಒಂದು ನಂಬರ್ ಇದೆ. ಅದನ್ನು ನೋಡಿ ಆ ಕಡೆಯ ಫೋನ್ ತನ್ನಲ್ಲಿರುವ ಚಿತ್ರ ತೋರಿಸುತ್ತದೆ. ಹಳೇ ಫೋನಿನಲ್ಲಿ ಆ ಚಿತ್ರ ಇಲ್ಲದಿದ್ದರೆ ಖಾಲಿ ಚೌಕ ಬರುತ್ತದೆ. ಸಂಘದ ವೆಬ್‌ಪುಟ ಮಾಡುವವರು ಪುಟವನ್ನು ಯುಟಿಎಫ್-8ನಲ್ಲೇ ಸೇವ್ ಮಾಡಿ. ಇಲ್ಲವಾದರೆ ಇಮೋಜಿ ಮಾತ್ರವಲ್ಲ, ಕನ್ನಡವೂ ಕೆಡುತ್ತದೆ.

ಸಾವಿನ ಸುದ್ದಿಗೆ ಯಾವುದು?
ಎರಡೂ ಕಣ್ಣಂಚಿನಲ್ಲಿ ನೀರಿದ್ದು ಬಾಯಿ ತೆರೆದ ಮುಖ ಅಳುವುದಲ್ಲ, ನಕ್ಕು ನಕ್ಕು ಕಣ್ಣೀರು ಬಂದದ್ದು. ಮರಣದ ಸುದ್ದಿಗೆ ಅದನ್ನು ಒತ್ತಿದರೆ ಮನೆಯವರಿಗೆ ಎಷ್ಟು ನೋವಾದೀತು! ಇಂಥ ಹೊತ್ತಿನಲ್ಲಿ ಎರಡು ಮಾತು ಬರೆಯಿರಿ, ಇಲ್ಲವೇ ಫೋನ್ ಮಾಡಿ.

ಹೆಬ್ಬೆಟ್ಟು ಎಂದರೆ ಸಹಿಯೇ?
ಕೆನಡಾದ ಸಸ್ಕಾಚೆವಾನ್‌ನಲ್ಲಿ 2021ರಲ್ಲಿ ಧಾನ್ಯದ ಕಂಪನಿಯೊಂದು ಅಗಸೆ ಖರೀದಿಯ ಕರಾರಿನ ಫೋಟೋ ಕಳಿಸಿ, ಒಪ್ಪಿಗೆ ತಿಳಿಸಿ ಎಂದಿತು. ರೈತ ಹೆಬ್ಬೆಟ್ಟಿನ ಇಮೋಜಿ ಒತ್ತಿದ. 'ಮೆಸೇಜ್ ಸಿಕ್ಕಿತು ಅಂತ ಮಾತ್ರ ಹೇಳಿದ್ದೆ' ಎಂಬ ಅವನ ವಾದವನ್ನು ಕೋರ್ಟ್ ಒಪ್ಪಲಿಲ್ಲ. 2023ರಲ್ಲಿ ಸುಮಾರು 82,000 ಕೆನಡಾ ಡಾಲರ್ ಕೊಡಲು ಆದೇಶವಾಯಿತು. ಮೇಲ್ಮನವಿ ಕೋರ್ಟ್ 2024ರಲ್ಲಿ ಅದನ್ನೇ ಎತ್ತಿಹಿಡಿಯಿತು.

ಅದು ಅಲ್ಲಿನ ತೀರ್ಪು, ಒಮಾನಿನ ಕಾನೂನಲ್ಲ. ಆದರೂ ಸಂಬಳ, ರಜೆ, ಓವರ್‌ಟೈಮ್, ಸಾಲದ ವಿಷಯ ಬಂದಾಗ ಹೆಬ್ಬೆಟ್ಟು ಒತ್ತಬೇಡಿ. 'ಮೆಸೇಜ್ ನೋಡಿದೆ, ಓದಿ ಉತ್ತರಿಸುತ್ತೇನೆ' ಎಂದು ಬರೆಯಿರಿ. ಭಾಷೆ ಅರ್ಥವಾಗದಿದ್ದರೆ ತಿಳಿದವರಿಗೆ ತೋರಿಸಿ. ಆ ಮೆಸೇಜ್ ಡಿಲೀಟ್ ಮಾಡಬೇಡಿ, ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಎಸ್ಸೆಮ್ಮೆಸ್ ಕಳಿಸುವವರಿಗೆ
ಇಂಗ್ಲಿಷ್ ಎಸ್ಸೆಮ್ಮೆಸ್‌ನಲ್ಲಿ 160 ಅಕ್ಷರ ಹಿಡಿಸುತ್ತದೆ. ಒಂದೇ ಒಂದು ಇಮೋಜಿ ಸೇರಿಸಿದರೂ ಮಿತಿ 70ಕ್ಕೆ ಇಳಿಯುತ್ತದೆ. ಅದಕ್ಕಿಂತ ಉದ್ದವಾದರೆ ಎರಡು ಮೆಸೇಜ್‌ನ ಲೆಕ್ಕ.