ರಾವೆಲನ ಪಿಯಾನೊ ಕೃತಿಗಳೂ ಪೆರ್ಲ್‌ಮ್ಯೂಟರನ ಧ್ವನಿಮುದ್ರಿಕೆಯೂ

ಸಂಗೀತವನ್ನು ಲಿಪಿಯಲ್ಲಿ ಬರೆದಿಡುವ ಪದ್ಧತಿಯು ಐರೋಪ್ಯರಲ್ಲಿ ಅತಿ ಸೂಕ್ಷ್ಮವಾಗಿ ಬೆಳೆದಿದೆ. ಯಾವ ಸ್ವರವನ್ನು ಎಷ್ಟು ಕಾಲ ಹಿಡಿಯಬೇಕು, ಎಲ್ಲಿ ಮೆಲ್ಲಗೆ ನುಡಿಸಬೇಕು, ಎಲ್ಲಿ ಗಟ್ಟಿಯಾಗಿ ನುಡಿಸಬೇಕು ಎಂಬುದೆಲ್ಲವೂ ಅಚ್ಚಾದ ಹಾಳೆಯ ಮೇಲೆಯೇ ದೊರೆಯುವುದು. ಹೀಗಿರುವಲ್ಲಿ ಗುರುಮುಖದಿಂದ ಪಾಠ ಕೇಳಬೇಕಾದ ಅವಶ್ಯಕತೆಯು ಅವರಿಗೆ ಇಲ್ಲವೆಂದು ತೋರುವುದು ಸಹಜವೇ. ಆದರೆ ಫ್ರಾನ್ಸಿನ ಮೋರಿಸ್ ರಾವೆಲನು ರಚಿಸಿದ ಪಿಯಾನೊ ಕೃತಿಗಳನ್ನು ವ್ಲಾಡೊ ಪೆರ್ಲ್‌ಮ್ಯೂಟರನು ೧೯೫೫ರಲ್ಲಿ ಧ್ವನಿಮುದ್ರಿಸಿದ ಚರಿತ್ರೆಯನ್ನು ನೋಡಿದರೆ, ಬರಹವೆಷ್ಟೇ ಪೂರ್ಣವಾಗಿದ್ದರೂ ಅದರ ಬದಿಗೆ ಒಂದು ಬಾಯಿಮಾತು ಬೇಕಾಗುವುದೆಂಬ ಸಂಗತಿಯು ಮನದಟ್ಟಾಗುತ್ತದೆ.

ರಾವೆಲನು ೧೮೭೫ರಲ್ಲಿ ಬಾಸ್ಕ್ ಸೀಮೆಯ ಸಿಬೂರ್ ಎಂಬ ಕಡಲತಡಿಯ ಊರಿನಲ್ಲಿ ಜನಿಸಿದನು. ಬರೆದುದನ್ನು ತಿದ್ದಿ ತೀಡಿ, ಒಪ್ಪವಾದ ಮೇಲೆಯೇ ಹೊರಗೆ ಬಿಡುವುದು ಆತನ ಸ್ವಭಾವ. ವಾದಕನು ಬರೆದುದನ್ನು ಬರೆದಂತೆ ನುಡಿಸಿದರೆ ಸಾಕು, ತನ್ನದನ್ನು ಸೇರಿಸಬೇಕಾಗಿಲ್ಲವೆಂಬುದು ಆತನ ನಿಲುವಾಗಿತ್ತು. ೧೯೦೮ರಲ್ಲಿ ಮುಗಿದ ‘ಗಾಸ್ಪಾರ್ ದ ಲಾ ನ್ಯೂಯಿ’ ಎಂಬ ಕೃತಿಯ ನಡುವಣ ಭಾಗಕ್ಕೆ ‘ನೇಣುಗಂಬ’ವೆಂದು ಹೆಸರು. ಅದರಲ್ಲಿ ದೂರದ ಊರಿನ ಗಂಟೆಯಂತೆ ಒಂದೇ ಸ್ವರವು ಮೊದಲಿನಿಂದ ಕೊನೆಯವರೆಗೆ ಬಡಿಯುತ್ತಲೇ ಇರುವುದು. ಅಲ್ಲಿ ಅವಸರವೂ ಕೂಡದು, ವಿಳಂಬವೂ ಕೂಡದು ಎಂದು ಆತನೇ ವಿಧಿಸಿದ್ದಾನೆ. ಕೇಳುವವರನ್ನು ಕರಗಿಸಬೇಕೆಂಬ ಆಸೆಯಿಂದ ವಾದಕನು ಸ್ವಲ್ಪ ತಡೆದರೂ ಗಂಟೆಯ ನಿರ್ದಯತೆಯು ಮಾಯವಾಗುತ್ತದೆ.

ಹಾಗಾದರೆ ರಾವೆಲನ ವಾದನವನ್ನೇ ಪ್ರಮಾಣವಾಗಿ ಹಿಡಿಯಬಾರದೇ ಎಂಬ ಪ್ರಶ್ನೆ ಏಳುವುದು. ಆತನು ರಚನೆಯಲ್ಲಿ ಪ್ರವೀಣನೇ ಹೊರತು ವಾದನದಲ್ಲಿ ಅಷ್ಟು ನುರಿತವನಲ್ಲ. ರಂಧ್ರ ಕೊರೆದ ಕಾಗದದ ಸುರುಳಿಯಿಂದ ತಾನಾಗಿ ನುಡಿಯುವ ಪಿಯಾನೊಗಳಿಗಾಗಿ ಆತನು ಕೆಲವು ಕೃತಿಗಳನ್ನು ನುಡಿಸಿಕೊಟ್ಟನು. ಆದರೆ ೧೯೨೨ರಲ್ಲಿ ತಯಾರಾಗಿ ರಾವೆಲನ ಹೆಸರಿನಲ್ಲಿ ಹೊರಟ ‘ನೇಣುಗಂಬ’ ಮತ್ತು ‘ಟೊಕಾಟಾ’ ಸುರುಳಿಗಳನ್ನು ನಿಜವಾಗಿ ನುಡಿಸಿದವನು ರೊಬೇರ್ ಕಾಸಾದೆಸ್ಯೂ ಎಂಬ ತರುಣನೆಂದು ವಿದ್ವಾಂಸರು ನಿರ್ಧರಿಸಿದ್ದಾರೆ. ಹೀಗೆ, ಅತಿ ಕಠಿನವಾದ ಕೃತಿಗಳ ವಿಷಯದಲ್ಲಿಯೇ ಕರ್ತೃವಿನ ಕೈಯ ಸಾಕ್ಷಿಯು ಇಲ್ಲದೆ ಹೋಯಿತು.

ಈ ಕೊರತೆಯನ್ನು ತುಂಬಿದವನು ಪೆರ್ಲ್‌ಮ್ಯೂಟರ್. ಈತನು ೧೯೦೪ರಲ್ಲಿ ಲಿಥುವೇನಿಯದ ಕೊವ್ನೊ ನಗರದಲ್ಲಿ ಯೆಹೂದ್ಯ ಕುಟುಂಬದಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಫ್ರಾನ್ಸಿಗೆ ಬಂದವನು. ಪ್ಯಾರಿಸ್ಸಿನಲ್ಲಿ ಆಲ್ಫ್ರೆಡ್ ಕೊರ್ತೊವಿನ ಶಿಷ್ಯ. ೧೯೨೭ರಲ್ಲಿ ಈತನು ರಾವೆಲನ ಬಳಿಗೆ ಹೋಗಿ, ಆತನ ಏಕವಾದನ ಕೃತಿಗಳೆಲ್ಲವನ್ನೂ ಒಂದೊಂದಾಗಿ ಮುಂದೆ ನುಡಿಸಿ ತಿದ್ದಿಸಿಕೊಂಡನು. ಎರಡು ವರ್ಷಗಳ ತರುವಾಯ, ಆ ಕೃತಿಗಳನ್ನೆಲ್ಲ ಎರಡು ಕಚೇರಿಗಳಲ್ಲಿ ರಾವೆಲನ ಸಮ್ಮುಖದಲ್ಲಿಯೇ ನುಡಿಸಿದನು.

ಆ ಕೃತಿಗಳಲ್ಲಿ ‘ಕೂಪ್ರಾಂ ಸಮಾಧಿ’ ಎಂಬುದೊಂದು. ಹಿಂದಿನ ಶತಮಾನಗಳಲ್ಲಿ ಗತಿಸಿದವರ ಗೌರವಾರ್ಥವಾಗಿ ರಚಿಸುವ ವಾದ್ಯಕೃತಿಗೆ ಫ್ರಾನ್ಸಿನಲ್ಲಿ ಸಮಾಧಿಯೆಂದೇ ಹೆಸರಿತ್ತು. ರಾವೆಲನು ೧೯೧೪ರಲ್ಲಿ ತೊಡಗಿದ ಈ ಕೃತಿಯು, ಆತನು ಮಹಾಯುದ್ಧದಲ್ಲಿ ಸೈನ್ಯದ ಮೋಟಾರು ಲಾರಿಯನ್ನು ನಡೆಸಿ, ತಾಯಿಯನ್ನು ಕಳೆದುಕೊಂಡು ಹಿಂದಿರುಗಿದ ೧೯೧೭ರಲ್ಲಿ ಮುಗಿಯಿತು. ಅದರ ಆರು ಭಾಗಗಳೂ ಯುದ್ಧದಲ್ಲಿ ಮಡಿದವರಿಗೆ ಅರ್ಪಿತವಾದುವು. ‘ರಿಗೊದೋಂ’ ಎಂಬ ಕುಣಿತದ ಭಾಗವು ಒಂದೇ ಗುಂಡಿಗೆ ಬಲಿಯಾದ ಗೊದೆಂ ಸಹೋದರರಿಬ್ಬರದು. ಕೊನೆಯ ‘ಟೊಕಾಟಾ’ ಜೊಸೆಫ್ ದ ಮಾರ್ಲಿಯಾವ್ ಎಂಬುವನದು. ೧೯೧೯ರಲ್ಲಿ ಈ ಕೃತಿಯನ್ನು ಸಭೆಯಲ್ಲಿ ಮೊದಲು ನುಡಿಸಿದ ಮಾರ್ಗರೀತ್ ಲಾಂಗ್ ಎಂಬಾಕೆಯು ಆತನ ವಿಧವೆ. ಆದರೂ ಸಂಗೀತದಲ್ಲಿ ಗೋಳಾಟವಿಲ್ಲ. ಹಳೆಯ ನರ್ತನಗಳ ತಿಳಿಯಾದ ನಡೆಯಿದೆ. ದುಃಖವನ್ನು ತೋರಿಸಹೊರಟ ವಾದಕನು ಇಲ್ಲಿ ದುಃಖವನ್ನು ಕೆಡಿಸುವನು.

೧೯೩೨ರ ಸುಮಾರಿನಿಂದ ರಾವೆಲನ ಮೆದುಳಿಗೆ ರೋಗ ತಗುಲಿ, ಮನಸ್ಸಿನಲ್ಲಿ ಮೂಡಿದ ಸಂಗೀತವನ್ನು ಬರೆಯುವ ಶಕ್ತಿಯೇ ಉಡುಗಿತು. ಶಸ್ತ್ರಚಿಕಿತ್ಸೆ ಫಲಿಸದೆ, ೧೯೩೭ರ ಡಿಸೆಂಬರ್ ೨೮ರಂದು ಆತನು ಕಾಲವಶನಾದನು. ಎರಡನೆಯ ಮಹಾಯುದ್ಧದಲ್ಲಿ ಶಿಷ್ಯನ ಪ್ರಾಣಕ್ಕೂ ಸಂಚಕಾರ ಬಂದಿತು. ಯೆಹೂದ್ಯನಾದ ಪೆರ್ಲ್‌ಮ್ಯೂಟರನು ಜರ್ಮನರ ಕೈಗೆ ಸಿಕ್ಕದೆ ಸ್ವಿಟ್ಜರ್ಲೆಂಡನ್ನು ಸೇರಿದನು. ಕ್ಷಯರೋಗವು ಆತನನ್ನು ಕೆಲವು ಕಾಲ ವೇದಿಕೆಯಿಂದ ದೂರವಿಟ್ಟಿತು. ಆಗ ಆತನು ಅಳಿದಿದ್ದರೆ, ೧೯೨೭ರಲ್ಲಿ ಕಲಿತ ಪಾಠವೆಲ್ಲ ಆತನೊಡನೆಯೇ ಹೋಗಿಬಿಡುತ್ತಿತ್ತು.

ಆತನು ಉಳಿದನು. ರಾವೆಲನ ಸ್ನೇಹಿತೆಯಾದ ಪಿಟೀಲುಗಾರ್ತಿ ಎಲೆನ್ ಜೂರ್ದಾಂ ಮೊರಾಂಜ್ ಎಂಬಾಕೆಯೊಡನೆ ರೇಡಿಯೋದಲ್ಲಿ ಆ ಪಾಠಗಳನ್ನು ಕುರಿತು ಸಂಭಾಷಿಸಿದನು. ಅದು ೧೯೫೩ರಲ್ಲಿ ಪುಸ್ತಕವಾಯಿತು. ಎರಡು ವರ್ಷಗಳಲ್ಲಿ ವಾಕ್ಸ್ ಸಂಸ್ಥೆಗಾಗಿ ಮುದ್ರಿಸಿದ ತಟ್ಟೆಗಳು ಆ ಮಾತಿಗೆ ನಾದದ ಸಾಕ್ಷಿಯಾದುವು. ಮುಂದೆ ಇಂಗ್ಲೆಂಡಿನ ನಿಂಬಸ್ ಸಂಸ್ಥೆಗಾಗಿ ಆತನು ಇವೇ ಕೃತಿಗಳನ್ನು ಮತ್ತೊಮ್ಮೆ ನುಡಿಸಿ, ೨೦೦೨ರಲ್ಲಿ ತೊಂಬತ್ತೆಂಟರ ವಯಸ್ಸಿನಲ್ಲಿ ತೀರಿಕೊಂಡನು.

ಇಪ್ಪತ್ತೆಂಟು ವರ್ಷಗಳ ಮೇಲೆ ನೆನಪಿನಿಂದ ನುಡಿಸಿದುದು ಗುರುವಿನದೋ ಶಿಷ್ಯನದೋ ಎಂಬ ಸಂದೇಹವು ನ್ಯಾಯವಾದುದೇ. ಎರಡೂ ಅದರಲ್ಲಿ ಬೆರೆತಿವೆ ಎನ್ನಬೇಕು. ‘ನೇಣುಗಂಬ’ದಲ್ಲಿ ಗಂಟೆಯು ಅವಸರವಿಲ್ಲದೆ ಬಡಿಯುವುದು ರಾವೆಲನ ಆಜ್ಞೆ, ಆ ಆಜ್ಞೆಯನ್ನು ಗಡೀಪಾರಿನಲ್ಲಿಯೂ ರೋಗಶಯ್ಯೆಯಲ್ಲಿಯೂ ಮರೆಯದೆ ಇಟ್ಟುಕೊಂಡುದು ಪೆರ್ಲ್‌ಮ್ಯೂಟರನ ನಿಷ್ಠೆ.