ಕೆರೆಯ ನಡುವಣ ಬಸದಿ: ಕಾರ್ಕಳ, ವರಂಗ, ಮೂಡುಬಿದಿರೆಯ ಹಾದಿಯಲ್ಲಿ

ತುಳುನಾಡಿನ ಜೈನಕ್ಷೇತ್ರಗಳನ್ನು ಒಂದೇ ದಿನದಲ್ಲಿ ನೋಡಿ ಮುಗಿಸುವವರ ಕಣ್ಣಿಗೆ ಶಿಲೆ ಬೀಳುತ್ತದೆ, ನೀರು ಬೀಳುವುದಿಲ್ಲ. ಕಾರ್ಕಳದಿಂದ ವರಂಗಕ್ಕೂ ಅಲ್ಲಿಂದ ಹಿಂದಿರುಗಿ ಮೂಡುಬಿದಿರೆಗೂ ಅವಸರವಿಲ್ಲದೆ ಸಾಗಿದರೆ, ಈ ನೆಲದ ಚರಿತ್ರೆಯನ್ನು ಬಸದಿಗಳಷ್ಟೇ ಕೆರೆಗಳೂ ಹೇಳುತ್ತವೆಂಬುದು ಮನದಟ್ಟಾಗುತ್ತದೆ.

ಕಾರ್ಕಳವೆಂದೊಡನೆ 1432ರಲ್ಲಿ ವೀರಪಾಂಡ್ಯ ಭೈರರಸನು ನಿಲ್ಲಿಸಿದ, ಸುಮಾರು 42 ಅಡಿ ಎತ್ತರದ ಗೊಮ್ಮಟನ ನೆನಪಾಗುವುದು ಸಹಜ. ಆದರೆ ಆ ಮೂರ್ತಿಗಿಂತ ಬಹು ಹಿಂದೆಯೇ, 13ನೆಯ ಶತಮಾನದಲ್ಲಿ, ಇಲ್ಲಿನ ಅರಸರು ಆನೆಕೆರೆಯನ್ನು ಕಟ್ಟಿಸಿದ್ದರು. ಊರಿನ ಇನ್ನೊಂದು ಕೆರೆ ರಾಮಸಮುದ್ರ. ಮಳೆ ಧಾರಾಳವಾದ ನಾಡಿಗೆ ಕೆರೆಯೇಕೆ ಎಂದು ಘಟ್ಟದ ಮೇಲಿನವರು ಕೇಳಬಹುದು. ಮುರಕಲ್ಲಿನ ನೆಲ ಮಳೆಗಾಲದ ನೀರನ್ನು ಬಹುಕಾಲ ಹಿಡಿದಿಡದು. ಏಣೆಲಿನ ಬೆಳೆ ಮಳೆಯಿಂದಲೇ ಬಂದೀತು, ಅದರ ಮೇಲಣ ಸುಗ್ಗಿ, ಕೊಳಕೆ ಬೆಳೆಗಳಿಗೆ ಸಂಗ್ರಹಿಸಿದ ನೀರೇ ಬೇಕು. ಬಸದಿಯ ನಿತ್ಯಪೂಜೆಗೆ ದತ್ತಿಯಾಗಿ ಬಂದ ಅಕ್ಕಿಯ ಹಿಂದೆ ಈ ನೀರಿನ ಲೆಕ್ಕವಿದೆ.

ಆನೆಕೆರೆಯ ನಡುವೆ ಬಸದಿಯೊಂದಿದೆ. ಅದಕ್ಕೆ ಕಾಲುದಾರಿಯೂ ಉಂಟು. ಮುನಿಯಾಲಿನ ಆಚೆಗಿರುವ ವರಂಗದಲ್ಲಿ ಆ ಸೌಕರ್ಯವೂ ಇಲ್ಲ. ಹಿಂದೆ ಸಹ್ಯಾದ್ರಿ, ಸುತ್ತ ಗದ್ದೆ. ಕೆರೆಯ ಮಧ್ಯದ ಚತುರ್ಮುಖ ಬಸದಿಗೆ ದೋಣಿಯಲ್ಲಿಯೇ ಹೋಗಬೇಕು. ನಾಲ್ಕು ದಿಕ್ಕಿಗೂ ಜಿನಬಿಂಬಗಳು, ಜೊತೆಗೆ ಭಕ್ತರು ಹರಕೆ ಹೊತ್ತು ಬರುವ ಪದ್ಮಾವತಿ. ಇದನ್ನು ಚೆಲುವಿಗಾಗಿ ಮಾಡಿದ ಯೋಜನೆಯೆಂದು ಕರೆದು ಸುಮ್ಮನಾಗುವುದು ನನಗೆ ಒಪ್ಪಿಗೆಯಲ್ಲ. ಜಿನಸೇನರ ಸಂಸ್ಕೃತ ಪೂರ್ವಪುರಾಣವನ್ನೋ ಪಂಪನ ಆದಿಪುರಾಣವನ್ನೋ ಓದಿದ ವಿದ್ಯಾರ್ಥಿಗೆ ಸಮವಸರಣದ ಕಲ್ಪನೆ ಪರಿಚಿತವಾದುದು: ನಾಲ್ಕು ದಿಕ್ಕಿಗೂ ಮುಖವಾಗಿ ಕಾಣುವ ಜಿನ, ಮಾನಸ್ತಂಭ, ಸುತ್ತಲೂ ಜಲಪೂರ್ಣವಾದ ಖಾತಿಕೆ. ಚತುರ್ಮುಖ ವಿನ್ಯಾಸ ಸಮವಸರಣದ ಪ್ರತಿರೂಪವೆಂಬುದನ್ನು ವಿದ್ವಾಂಸರು ಒಪ್ಪಿದ್ದಾರೆ. ಹಾಗಾದರೆ ವರಂಗದ ನೀರನ್ನು ಖಾತಿಕೆಯಾಗಿ ಓದಲು ಅಡ್ಡಿಯೇನು? ಶಾಸನಾಧಾರ ಬೇಕೆನ್ನುವವರ ಆಕ್ಷೇಪ ನ್ಯಾಯವಾದುದೇ. ಆದರೂ ಕಾವ್ಯವನ್ನು ಬದಿಗಿಟ್ಟು ವಾಸ್ತುವನ್ನಷ್ಟೇ ಅಳೆಯುವ ಪದ್ಧತಿಯಿಂದ ಈ ಪ್ರಶ್ನೆ ಹುಟ್ಟುವುದೇ ಇಲ್ಲವೆಂಬುದು ನನ್ನ ತಕರಾರು. 1586ರಲ್ಲಿ ಇಮ್ಮಡಿ ಭೈರರಸನು ಕಾರ್ಕಳದಲ್ಲಿ ಕಟ್ಟಿಸಿದ ಚತುರ್ಮುಖ ಬಸದಿ ನೀರಿನಲ್ಲಿಲ್ಲ, ಬಂಡೆಯ ಮೇಲಿದೆ. ಅಲ್ಲಿ ನಾಲ್ಕೂ ಕಡೆ ಅರ, ಮಲ್ಲಿ, ಮುನಿಸುವ್ರತರ ಬಿಂಬಗಳಿವೆ. ಎರಡನ್ನೂ ಹೋಲಿಸಿ ಬರೆಯಬೇಕಾದ ಪ್ರಬಂಧ ಯಾವನಾದರೂ ಸಂಶೋಧನಾರ್ಥಿಯನ್ನು ಕಾಯುತ್ತಿದೆ.

ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಅಲ್ಲಿಯೇ ಉಳಿದು ಬಂದ ಧವಳಾ ಟೀಕೆಯ ತಾಳೆಗರಿಗಳು, ರತ್ನಾಕರವರ್ಣಿ—ಇವುಗಳ ಬಗೆಗೆ ಸಾಕಷ್ಟು ಬರೆದಾಗಿದೆ. ಹದಿನೆಂಟು ಬಸದಿ, ಹದಿನೆಂಟು ಕೆರೆ ಎಂಬುದು ಆ ಊರಿನ ಹೆಗ್ಗಳಿಕೆಯ ಮಾತು. ಬಸದಿಗಳ ಹೆಸರನ್ನು ಒಂದೊಂದಾಗಿ ಹೇಳಬಲ್ಲವರು ಅನೇಕರು ಸಿಗುತ್ತಾರೆ. ಕೆರೆಗಳನ್ನು ಹೆಸರಿಸಬಲ್ಲವರು ವಿರಳ. ಹೆಸರು ಮರೆತ ಕೆರೆ ಹೂಳು ತುಂಬಿ ನಿವೇಶನವಾಗಲು ಹೆಚ್ಚು ಕಾಲ ಬೇಕಿಲ್ಲ. ಶಾಸನಗಳ ಎಲ್ಲೆಕಟ್ಟಿನ ಭಾಗವನ್ನು ಓದುಗರು ಸಾಮಾನ್ಯವಾಗಿ ದಾಟಿಬಿಡುತ್ತಾರೆ. ಕೆರೆ, ಏರಿ, ತೂಬುಗಳ ಉಲ್ಲೇಖ ಸಿಗುವುದು ಅಲ್ಲಿಯೇ.

ಮುಂದೆ ವೇಣೂರಿದೆ, 1604ರ ಗೊಮ್ಮಟನಿದ್ದಾನೆ. ಅಲ್ಲಿ ಕೆರೆಯನ್ನು ಹುಡುಕಬೇಕಿಲ್ಲ, ಫಲ್ಗುಣಿ ನದಿಯೇ ಪಕ್ಕದಲ್ಲಿ ಹರಿಯುತ್ತದೆ.