ಕೊಡಗಿನ ಒಕ್ಕದ ಹೆಸರುಗಳು: ‘ಕೊಡಂದೇರ’ ಶಬ್ದವಿಚಾರ

ಭಾರತೀಯ ಸೇನೆಯ ಚರಿತ್ರೆಯಲ್ಲಿ ಕೊಡಗಿನ ಇಬ್ಬರು ಸೇನಾಧಿಪತಿಗಳ ಹೆಸರುಗಳು ಶಾಶ್ವತವಾಗಿ ನಿಂತಿರುವುವು. ಒಬ್ಬರು, ೧೯೪೯ನೆಯ ಇಸವಿ ಜನವರಿ ೧೫ರಂದು ಆ ಸೇನೆಯ ಪ್ರಥಮ ಭಾರತೀಯ ಮಹಾದಂಡನಾಯಕರಾಗಿ ಅಧಿಕಾರವನ್ನು ವಹಿಸಿದ ಕೆ. ಎಂ. ಕಾರ್ಯಪ್ಪನವರು. ಇನ್ನೊಬ್ಬರು, ೧೯೫೭ರಿಂದ ೧೯೬೧ರ ವರೆಗೆ ಸೇನಾಮುಖ್ಯಸ್ಥರಾಗಿದ್ದ ಕೆ. ಎಸ್. ತಿಮ್ಮಯ್ಯನವರು. ಚರಿತ್ರಗ್ರಂಥಗಳ ಅನುಕ್ರಮಣಿಕೆಗಳಲ್ಲಿ ಮೊದಲನೆಯವರು ಕಕಾರದ ಕೆಳಗೂ ಎರಡನೆಯವರು ತಕಾರದ ಕೆಳಗೂ ದೊರೆಯುವರು. ಅವುಗಳನ್ನು ನೋಡಿದವರು ಇವರಿಬ್ಬರೂ ಬೇರೆ ಬೇರೆ ವಂಶಗಳಲ್ಲಿ ಹುಟ್ಟಿದವರೆಂದೇ ತಿಳಿಯುವರು. ಆದರೆ ನಿಜಸ್ಥಿತಿಯು ಹಾಗಿಲ್ಲ. ಒಬ್ಬರು ಕೊಡಂದೇರ ಮಾದಪ್ಪ ಕಾರ್ಯಪ್ಪ, ಮತ್ತೊಬ್ಬರು ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ. ಉಭಯರ ಕುಲನಾಮವೂ ‘ಕೊಡಂದೇರ’ ಎಂಬ ಒಂದೇ ಶಬ್ದ. ಇಷ್ಟು ಪ್ರಸಿದ್ಧರಾದ ಇಬ್ಬರನ್ನು ಪಡೆದ ಒಂದು ಕುಲದ ಹೆಸರು ಲೋಕಕ್ಕೆ ‘ಕೆ’ ಎಂಬ ಒಂಟಿ ಅಕ್ಷರವಾಗಿ ಮಾತ್ರ ಪರಿಚಿತವಾಗಿರಲು ಕಾರಣವೇನು, ಆ ಹೆಸರಿನ ಸ್ವರೂಪವೇನು ಎಂಬುದು ವಿಚಾರಾರ್ಹವಾದ ವಿಷಯ.

ಕೊಡವರಲ್ಲಿ ಪುರುಷಪರಂಪರೆಯಿಂದ ಸಾಗಿಬಂದ ಒಂದು ಕುಲಕ್ಕೆ ‘ಒಕ್ಕ’ವೆಂದು ಹೆಸರು. ಕನ್ನಡದ ‘ಒಕ್ಕಲು’, ‘ಒಕ್ಕಲಿಗ’ ಮೊದಲಾದ ಶಬ್ದಗಳು ಇದರ ಸಜಾತೀಯಗಳು. ಪ್ರತಿಯೊಂದು ಒಕ್ಕಕ್ಕೂ ಮೂಲಪುರುಷನೊಬ್ಬನುಂಟು. ಅವನಿಗೆ ಗುರುಕಾರೋಣನೆಂದು ಹೆಸರು. ಒಕ್ಕದವರೆಲ್ಲರಿಗೂ ಸಮಾನವಾದ ಹಿರಿಯ ಮನೆಯೇ ಐನ್‌ಮನೆ. ಪಿತೃಗಳ ಸ್ಮರಣೆಗಾಗಿ ಕೈಮಡವುಂಟು. ಒಂದೇ ಒಕ್ಕದ ಸ್ತ್ರೀಪುರುಷರಿಗೆ ಪರಸ್ಪರ ವಿವಾಹವು ನಿಷಿದ್ಧ. ಈ ದೃಷ್ಟಿಯಿಂದ ಒಕ್ಕವು ವೈದಿಕರ ಗೋತ್ರವನ್ನು ಹೋಲುವುದಾದರೂ ಒಂದು ದೊಡ್ಡ ಭೇದವುಂಟು. ಗೋತ್ರವು ದೇಶಾಂತರಗಳಲ್ಲಿ ಹರಡಿ, ಒಬ್ಬರನ್ನೊಬ್ಬರು ಅರಿಯದ ಲಕ್ಷಾಂತರ ಜನರಿಗೆ ಸಾಧಾರಣವಾಗಿರುವುದು. ಒಕ್ಕವಾದರೋ ಒಂದು ಗ್ರಾಮಕ್ಕೆ, ಒಂದು ಮನೆಗೆ, ಒಂದು ಭೂಮಿಗೆ ಅಂಟಿಕೊಂಡದ್ದು. ಒಂದೇ ಹೆಸರಿನ ಒಕ್ಕಗಳು ಬೇರೆ ಬೇರೆ ಗ್ರಾಮಗಳಲ್ಲಿರುವುದುಂಟು. ಆದರೂ ಹೆಸರೊಂದನ್ನು ಧರಿಸಿದವರ ಸಂಖ್ಯೆಯು ಸ್ವಭಾವತಃ ಅಲ್ಪವೇ. ಕೊಡವ ಕುಲನಾಮಗಳು ವಿರಳವಾಗಿರುವುದಕ್ಕೆ ಮೊದಲನೆಯ ಕಾರಣ ಇದೇ.

ಇನ್ನು ಈ ಹೆಸರುಗಳ ರೂಪವನ್ನು ಪರಿಶೀಲಿಸಬೇಕು. ಮುದ್ದಂಡ, ಅಪ್ಪಾರಂಡ, ಪಾಂಡಂಡ, ಮಾಚಂಡ, ನೆಲ್ಲಮಕ್ಕಡ, ಅಳಮೇಂಗಡ, ಚೆಪ್ಪುಡಿರ, ಕುಲ್ಲೇಟಿರ, ಐಚೆಟ್ಟಿರ. ಕೇಳಿದೊಡನೆಯೇ ಕಿವಿಗೆ ಸ್ಪಷ್ಟವಾಗುವುದೇನೆಂದರೆ, ಇವು ‘ಂಡ’, ‘ಡ’, ‘ರ’ ಎಂಬ ಮೂರು ಬಗೆಯ ಅಂತ್ಯಗಳಲ್ಲಿ ನಿಲ್ಲುವುವು. ಇವು ಯಾವುವೂ ನಿರರ್ಥಕವಾದ ಬಾಲಗಳಲ್ಲ. ಕೊಡವ ಭಾಷೆಯ ಷಷ್ಠೀವಿಭಕ್ತಿಯ ಪ್ರತ್ಯಯಗಳು. ಆ ಭಾಷೆಯಲ್ಲಿ ‘ಮನೆರ’ ಎಂದರೆ ಮನೆಯ. ‘ಮಕ್ಕಡ’ ಎಂದರೆ ಮಕ್ಕಳ. ‘ಅಪ್ಪಂಡ’ ಎಂದರೆ ಅಪ್ಪನ. ಸಾಹಿತ್ಯದಿಂದಲೂ ಒಂದು ನಿದರ್ಶನವನ್ನು ಕೊಡಬಹುದು. ಅಪ್ಪಚ್ಚ ಕವಿಯು (೧೮೬೮–೧೯೪೪) ೧೯೦೬ರಲ್ಲಿ ಕೊಡವ ಭಾಷೆಯಲ್ಲಿ ರಚಿಸಿದ ನಾಟಕದ ಹೆಸರು ‘ಯಯಾತಿ ರಾಜಂಡ ನಾಟಕ’. ಯಯಾತಿರಾಜನ ನಾಟಕವೆಂದು ಅರ್ಥ. ‘ರಾಜಂಡ’ ಎಂಬುದು ರಾಜನ ಎಂದಾಗುವಂತೆಯೇ ‘ಮುದ್ದಂಡ’ ಎಂಬುದು ಮುದ್ದನ ಎಂದಾಗುವುದು.

ಹೀಗೆ ವಿಂಗಡಿಸಿದರೆ ಒಕ್ಕದ ಹೆಸರುಗಳು ತಾವೇ ತಮ್ಮ ವಂಶವೃತ್ತಾಂತವನ್ನು ಹೇಳುವುವು. ‘ಂಡ’ ಎಂದು ಮುಗಿಯುವುವು ಪ್ರಾಯಶಃ ಏಕವಚನದ ಪುರುಷನಾಮಗಳಿಂದ ಹುಟ್ಟಿದುವು. ಮೂಲಪುರುಷನ ಅಂಕಿತವು ಅವುಗಳಲ್ಲಿ ಉಳಿದಿದೆ. ‘ನೆಲ್ಲಮಕ್ಕಡ’ ಎಂಬಲ್ಲಿ ‘ಮಕ್ಕಡ’ ಎಂಬ ಬಹುವಚನದ ಷಷ್ಠಿಯು ಕಣ್ಣಿಗೆ ಕಾಣುವಂತೆಯೇ ಇದೆ. ‘ನಡಿಕೇರಿಯಂಡ’ ಎಂಬುದರಲ್ಲಿ ಕೇರಿಯ ಹೆಸರೊಂದು ಸೇರಿದೆ. ನಡಿಕೇರಿಯವನ ಎಂದು ಬಿಡಿಸಬಹುದು. ಇಕಾರ ಎಕಾರಗಳು ಕೊನೆಯಾದ ಪ್ರಕೃತಿಗಳಿಗೆ ‘ರ’ ಪ್ರತ್ಯಯವು ಹತ್ತುವುದು. ‘ಚೆಪ್ಪುಡಿರ’, ‘ಕೊಡಂದೇರ’ ಇವು ಈ ವರ್ಗದವು.

ಸಂಸ್ಕೃತದ ಗೋತ್ರನಾಮಗಳೊಡನೆ ಹೋಲಿಸಿದರೆ ಈ ರಚನೆಯ ವೈಲಕ್ಷಣ್ಯವು ಮತ್ತಷ್ಟು ಸ್ಫುಟವಾಗುವುದು. ಗರ್ಗನ ವಂಶದವನು ಗಾರ್ಗ್ಯ; ವಸಿಷ್ಠನ ವಂಶದವನು ವಾಸಿಷ್ಠ. ಅಲ್ಲಿ ಅಪತ್ಯಾರ್ಥದ ತದ್ಧಿತಪ್ರತ್ಯಯವು ಸೇರಿ, ಸ್ವತಂತ್ರವಾಗಿ ನಿಲ್ಲಬಲ್ಲ ಹೊಸ ನಾಮಪದವೇ ಹುಟ್ಟುವುದು. ಕೊಡವರ ಹೆಸರಿನಲ್ಲಾದರೋ ತದ್ಧಿತವಿಲ್ಲ, ಬರಿಯ ಷಷ್ಠಿಯೊಂದೇ. ಷಷ್ಠ್ಯಂತಪದವು ಸಾಕಾಂಕ್ಷವಾದದ್ದು, ಯಾರದು, ಯಾವುದು ಎಂಬ ಆಕಾಂಕ್ಷೆಯನ್ನು ತುಂಬುವ ಪದವು ಅದರ ಮುಂದೆ ಬರಲೇಬೇಕು. ‘ಮುದ್ದಂಡ’ ಎಂದೊಡನೆ ‘ಒಕ್ಕ’ ಎಂದೋ ಆ ಒಕ್ಕದವನ ಅಂಕಿತವೆಂದೋ ಬರಬೇಕು. ಆದುದರಿಂದ ಕೊಡವ ಹೆಸರಿನಲ್ಲಿ ಕುಲನಾಮವು ಮೊದಲು, ಅಂಕಿತವು ಅನಂತರ ಎಂಬ ಕ್ರಮವು ಕೇವಲ ರೂಢಿಯಲ್ಲ, ವ್ಯಾಕರಣಸಿದ್ಧವಾದ ನಿಯಮ. ಕೊಡಗಿನ ಅರೆಭಾಷೆ ಗೌಡರಲ್ಲಿಯೂ ಮನೆತನದ ಹೆಸರು ಮೊದಲು ಬರುವುದುಂಟು. ೧೮೩೭ರ ಬಂಡಾಯದಲ್ಲಿ ಪ್ರಾಣಾರ್ಪಣೆ ಮಾಡಿದ ಗುಡ್ಡೆಮನೆ ಅಪ್ಪಯ್ಯ ಗೌಡರ ಹೆಸರು ಇದಕ್ಕೆ ಸಾಕ್ಷಿ. ಆದರೆ ‘ಗುಡ್ಡೆಮನೆ’ ಎಂಬುದು ಪ್ರಥಮಾಂತವಾದ ಮನೆಯ ಹೆಸರು. ‘ಚೆಪ್ಪುಡಿರ’ ಎಂಬುದು ಷಷ್ಠ್ಯಂತ. ನೆರೆಯವರಲ್ಲಿಯೇ ಈ ಭೇದವಿರುವುದು ಗಮನಾರ್ಹ.

ಈ ಹಿನ್ನೆಲೆಯಲ್ಲಿ ‘ಕೊಡಂದೇರ’ ಶಬ್ದವನ್ನು ನೋಡೋಣವಾಗಲಿ. ಸಂಸ್ಕೃತವನ್ನು ಓದಿದವರಿಗೆ ಈ ಹೆಸರನ್ನು ಕೇಳಿದೊಡನೆ ಶ್ರೀರಾಮನ ಬಿಲ್ಲಾದ ‘ಕೋದಂಡ’ವು ನೆನಪಿಗೆ ಬರುವುದು ಸಹಜ. ವೀರರ ಕುಲಕ್ಕೆ ಬಿಲ್ಲಿನ ಹೆಸರು ಒಪ್ಪುವುದೆಂದು ಮನಸ್ಸೂ ಹಿಗ್ಗುವುದು. ಆದರೆ ಈ ವ್ಯುತ್ಪತ್ತಿಯು ಪರೀಕ್ಷೆಗೆ ನಿಲ್ಲಲಾರದು. ಮೊದಲನೆಯದಾಗಿ, ‘ಕೋದಂಡ’ದ ಆದಿಯಲ್ಲಿ ದೀರ್ಘವಿದೆ; ‘ಕೊಡಂದೇರ’ದಲ್ಲಿ ಹ್ರಸ್ವ. ಎರಡನೆಯದಾಗಿ, ಅಲ್ಲಿ ಮೊದಲು ದಕಾರ, ಬಳಿಕ ಡಕಾರ. ಇಲ್ಲಿ ಮೊದಲು ಡಕಾರ, ಬಳಿಕ ದಕಾರ. ಆದಿಸ್ವರದ ಹ್ರಸ್ವವನ್ನೂ ವರ್ಣವ್ಯತ್ಯಯವನ್ನೂ ಒಟ್ಟಿಗೆ ಕಲ್ಪಿಸದೆ ಒಂದರಿಂದ ಮತ್ತೊಂದನ್ನು ಸಾಧಿಸಲಾಗದು. ಮೂರನೆಯದಾದ ಆಕ್ಷೇಪವು ಎಲ್ಲಕ್ಕಿಂತಲೂ ಬಲವಾದದ್ದು. ಕೋದಂಡನೆಂಬ ಪುರುಷನೇ ಮೂಲಪುರುಷನಾಗಿದ್ದರೆ, ‘ರಾಜಂಡ’ ಎಂಬಂತೆ ‘ಕೋದಂಡಂಡ’ ಎಂದಾಗಬೇಕಾಗಿತ್ತೇ ಹೊರತು ‘ರ’ ಪ್ರತ್ಯಯವು ಬರಲು ಅವಕಾಶವಿರಲಿಲ್ಲ. ಆದುದರಿಂದ ಇದು ‘ಕೊಡಂದೆ’ ಎಂಬಂತಹ ಎಕಾರಾಂತವಾದ ದೇಶ್ಯಪ್ರಕೃತಿಯ ಮೇಲೆ ನಿಂತ ಷಷ್ಠ್ಯಂತರೂಪವೆಂದು ತಿಳಿಯುವುದೇ ಯುಕ್ತ.

ಕೋದಂಡದ ಭ್ರಾಂತಿಗೆ ಇಂಗ್ಲಿಷ್ ಲಿಪಿಯೂ ಸಹಾಯಕವಾಗಿರುವುದನ್ನು ಮರೆಯಲಾಗದು. ಆ ಲಿಪಿಯಲ್ಲಿ ಡಕಾರ ದಕಾರಗಳೆರಡಕ್ಕೂ ಒಂದೇ ಅಕ್ಷರ. ಒಕಾರ ಓಕಾರಗಳಿಗೂ ಒಂದೇ. ಇಂಗ್ಲಿಷಿನಲ್ಲಿ ಬರೆದ ಹೆಸರನ್ನು ಮತ್ತೆ ಕನ್ನಡಕ್ಕೆ ತರುವವರು ತಮಗೆ ತಿಳಿದ ಸಂಸ್ಕೃತಶಬ್ದದ ಕಡೆಗೆ ಜಾರುವುದು ಸುಲಭ. ಕುಲನಾಮಗಳ ಮೂಲವನ್ನು ವಿಚಾರಿಸುವವರು ಕನ್ನಡ ಲಿಪಿಯ ರೂಪವನ್ನೇ ಆಧಾರವಾಗಿಟ್ಟುಕೊಳ್ಳತಕ್ಕದ್ದು.

ಈ ಬಗೆಯ ಹೆಸರುಗಳು ಎಷ್ಟು ಪ್ರಾಚೀನವೆಂಬ ಪ್ರಶ್ನೆಗೆ ಶಾಸನಗಳ ಕಡೆಗೆ ನೋಡಬೇಕಾಗುವುದು. ಹೊಯ್ಸಳ ಇಮ್ಮಡಿ ಬಲ್ಲಾಳನ ಕಾಲದಲ್ಲಿ, ಸುಮಾರು ೧೧೭೪ರಲ್ಲಿ, ಅವನ ದಂಡನಾಯಕ ಬೆಟ್ಟರಸನಿಗೂ ಪೆಮ್ಮ ವೀರಪ್ಪನ ಪಕ್ಷದ ಕೊಡಗರಿಗೂ ಪಾಲ್ಪಾರೆಯಲ್ಲಿ ಯುದ್ಧವಾಯಿತು. ಪೆಮ್ಮ ವೀರಪ್ಪನ ಸಂಗಡಿಗರಲ್ಲಿ ಬಡಗಂಡ ನಂದಿದೇವನೆಂಬವನ ಹೆಸರನ್ನು ಬಿ. ಎಲ್. ರೈಸರು ಶಾಸನದಿಂದ ಎತ್ತಿಕೊಟ್ಟಿರುವರು. ‘ಬಡಗಂಡ’ ಎಂಬುದು ರೂಪದಲ್ಲಿ ಇಂದಿನ ಒಕ್ಕದ ಹೆಸರುಗಳನ್ನೇ ಹೋಲುವುದು. ಅಂಕಿತಕ್ಕೆ ಮುಂಚಿತವಾಗಿ ಬಂದಿರುವುದೂ ಅದೇ ಕ್ರಮ. ಅಂತ್ಯದ ಸಾಮ್ಯವೊಂದರಿಂದಲೇ ಸಿದ್ಧಾಂತವನ್ನು ಕಟ್ಟಲಾಗದಾದರೂ ಈ ಸಾಕ್ಷ್ಯವು ಉಪೇಕ್ಷಣೀಯವಲ್ಲ.

ಹೆಸರನ್ನು ಉಳಿಸಿಕೊಳ್ಳುವುದರಲ್ಲಿ ಕೊಡವರು ತೋರಿರುವ ಎಚ್ಚರವು ಅವರ ವಿವಾಹಪದ್ಧತಿಯಿಂದ ವ್ಯಕ್ತವಾಗುವುದು. ಮದುವೆಯಲ್ಲಿ ಉಭಯ ಒಕ್ಕಗಳ ಪರವಾಗಿ ‘ಅರುವ’ರೆಂಬ ವಕ್ತಾರರು ಎದುರುಬದುರಾಗಿ ನಿಂತು, ಸಣ್ಣ ಹರಳುಗಳನ್ನು ಕೈಯಿಂದ ಕೈಗೆ ಒಪ್ಪಿಸಿ, ವಧುವಿನ ಹಕ್ಕುಬಾಧ್ಯತೆಗಳನ್ನು ಒಂದು ಒಕ್ಕದಿಂದ ಇನ್ನೊಂದಕ್ಕೆ ವರ್ಗಾಯಿಸುವರು. ಇದಕ್ಕೆ ‘ಸಮ್ಮಂಧ’ವೆಂದು ಹೆಸರು. ಅಂದಿನಿಂದ ಅವಳು ಗಂಡನ ಒಕ್ಕದವಳು. ಆದರೆ ಪುರುಷಸಂತತಿಯಿಲ್ಲದೆ ಒಂದು ಒಕ್ಕವೇ ನಿಂತುಹೋಗುವ ಸಂದರ್ಭವೊದಗಿದರೆ, ಉಳಿದ ಮಗಳಿಗೆ ‘ಒಕ್ಕಪರಿಜೆ’ ಎಂಬ ವಿವಾಹವು ವಿಹಿತ. ಅದರಲ್ಲಿ ವರನೇ ತನ್ನ ಒಕ್ಕವನ್ನು ಬಿಟ್ಟು ವಧುವಿನ ಒಕ್ಕಕ್ಕೆ ಸೇರುವನು. ಮಕ್ಕಳು ತಾಯಿಯ ಒಕ್ಕದ ಹೆಸರನ್ನೇ ಧರಿಸುವರು. ‘ಮಕ್ಕಪರಿಜೆ’ ಎಂಬ ಇನ್ನೊಂದು ವಿಧದಲ್ಲಿ ವರನು ತನ್ನ ಒಕ್ಕದಲ್ಲಿಯೇ ಉಳಿದರೂ ಮಕ್ಕಳು ತಾಯಿಯ ಕಡೆಗೆ ಸಲ್ಲುವರು. ಧರ್ಮಶಾಸ್ತ್ರದ ಪುತ್ರಿಕಾಪುತ್ರಪದ್ಧತಿಯನ್ನು ಇದು ಜ್ಞಾಪಕಕ್ಕೆ ತರುವುದು. ಐನ್‌ಮನೆಯ ದೀಪ, ಪಿತೃಕಾರ್ಯ, ಒಕ್ಕದ ಜಮ್ಮಾ ಭೂಮಿ ಇವೆಲ್ಲವೂ ಹೆಸರಿನೊಡನೆ ಬೆಸೆದುಕೊಂಡಿದ್ದುದರಿಂದ ಹೆಸರು ಅಳಿದರೆ ಇವುಗಳಿಗೂ ಒಡೆಯರಿಲ್ಲದಾಗುತ್ತಿತ್ತು.

ಇಷ್ಟು ಜತನದಿಂದ ಕಾಯ್ದ ಹೆಸರುಗಳು ಮರೆಯಾಗಲು ತೊಡಗಿದುದು ಇಂಗ್ಲಿಷರ ಆಳ್ವಿಕೆಯಲ್ಲಿ. ೧೮೩೪ರಲ್ಲಿ ಕೊಡಗು ಕಂಪೆನಿ ಸರಕಾರದ ವಶವಾದಾಗ ದಿವಾನರಾಗಿದ್ದ ಚೆಪ್ಪುಡಿರ ಪೊನ್ನಪ್ಪ, ಅಪ್ಪಾರಂಡ ಬೋಪು ಇವರ ಹೆಸರುಗಳು ಚರಿತ್ರೆಯಲ್ಲಿ ಪೂರ್ಣವಾಗಿಯೇ ಉಳಿದಿರುವುವು. ಆದರೆ ಶಾಲೆ, ಕಚೇರಿ, ಸೇನೆಗಳ ದಾಖಲೆಗಳು ಬೆಳೆದಂತೆಲ್ಲ ಇಂಗ್ಲಿಷರ ಪದ್ಧತಿಯೇ ಪ್ರಮಾಣವಾಯಿತು. ಅವರಲ್ಲಿ ಕೊನೆಯ ಪದವೇ ಕುಲನಾಮ. ಮುಂದಿನವುಗಳನ್ನು ಒಂದೊಂದು ಅಕ್ಷರಕ್ಕೆ ಇಳಿಸಬಹುದು. ಕೊಡವರ ಹೆಸರಿಗೆ ಈ ನಿಯಮವನ್ನು ಅನ್ವಯಿಸಿದಾಗ, ಷಷ್ಠ್ಯಂತವಾದುದರಿಂದಲೇ ಮೊದಲು ನಿಲ್ಲಬೇಕಾಗಿದ್ದ ಒಕ್ಕದ ಹೆಸರು ಒಂದಕ್ಷರವಾಯಿತು. ತಂದೆಯ ಹೆಸರು ಇನ್ನೊಂದಕ್ಷರವಾಯಿತು. ಸ್ವಂತ ಅಂಕಿತವು ಕುಲನಾಮದ ಸ್ಥಾನವನ್ನೇರಿತು. ಕೊಡಗು ರಾಜ್ಯದ ಮುಖ್ಯಮಂತ್ರಿಯಾಗಿದ್ದ ಸಿ. ಎಂ. ಪೂಣಚ್ಚನವರ ಹೆಸರಿನಲ್ಲಿ ಸಕಾರದಂತೆ ಕೇಳುವ ಆ ಮೊದಲ ಅಕ್ಷರವು ವಸ್ತುತಃ ‘ಚೆಪ್ಪುಡಿರ’ದ ಚಕಾರ.

ಇದರ ಪರಿಣಾಮವನ್ನು ಕೊಡಂದೇರ ಒಕ್ಕದಲ್ಲಿಯೇ ಕಾಣಬಹುದು. ಜನರಲ್ ತಿಮ್ಮಯ್ಯನವರ ಅಣ್ಣ ಪೊನ್ನಪ್ಪ, ತಮ್ಮ ಸೋಮಯ್ಯ, ಮೂವರೂ ಸೇನಾಧಿಕಾರಿಗಳು. ಒಬ್ಬ ತಂದೆಯ ಮೂವರು ಮಕ್ಕಳು ಇಂಗ್ಲಿಷ್ ಪದ್ಧತಿಯಂತೆ ಮೂರು ಕುಲಗಳವರಾದರು. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಮಗನಾದ ಏರ್ ಮಾರ್ಷಲ್ ಕೆ. ಸಿ. ಕಾರ್ಯಪ್ಪನವರ ಹೆಸರಿನಲ್ಲಿ ತಂದೆಯ ಅಂಕಿತವೇ ಮಗನ ಕುಲನಾಮದಂತೆ ನಿಂತಿದೆ. ಟೆನ್ನಿಸ್ ಆಟಗಾರರಾದ ರೋಹನ್ ಮಾಚಂಡ ಬೋಪಣ್ಣನವರ ಹೆಸರಿನಲ್ಲಿ ಒಕ್ಕದ ಹೆಸರು ಮಧ್ಯಕ್ಕೆ ಸರಿದಿದೆ. ಲೋಕವು ಕರೆಯುವುದು ಬೋಪಣ್ಣನೆಂದು.

ಆದರೂ ಒಕ್ಕದ ಹೆಸರು ಜನರ ಬಾಯಲ್ಲಿ ಅಳಿದಿಲ್ಲ. ೧೯೨೪ರಲ್ಲಿ ಪ್ರಕಟವಾದ ‘ಪಟ್ಟೋಲೆ ಪಳಮೆ’ಯ ಸಂಗ್ರಾಹಕರನ್ನು ಕೊಡಗು ಇಂದಿಗೂ ನಡಿಕೇರಿಯಂಡ ಚಿಣ್ಣಪ್ಪನವರೆಂದೇ ಸ್ಮರಿಸುವುದು. ಪಾಂಡಂಡ ಕುಟ್ಟಪ್ಪನವರು ೧೯೯೭ರಲ್ಲಿ ಕರಡದಲ್ಲಿ ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿಯಲ್ಲಿ ಒಂದೊಂದು ಒಕ್ಕಕ್ಕೂ ಒಂದೊಂದು ತಂಡ. ಪಂದ್ಯಾವಳಿಗೂ ಆಯಾ ವರ್ಷ ಅದನ್ನು ನಡೆಸುವ ಒಕ್ಕದ ಹೆಸರೇ. ಮೊದಲ ವರ್ಷ ಸೇರಿದ ತಂಡಗಳು ೬೦. ೨೦೨೪ರಲ್ಲಿ ನಾಪೋಕ್ಲಿನಲ್ಲಿ ಕುಂಡ್ಯೋಳಂಡ ಒಕ್ಕದವರು ನಡೆಸಿದಾಗ ೩೬೦. ೨೦೨೫ರಲ್ಲಿ ಮಡಿಕೇರಿಯಲ್ಲಿ ಮುದ್ದಂಡ ಒಕ್ಕದವರು ನಡೆಸಿದಾಗ ೩೯೬. ಕುಲನಾಮಗಳ ವ್ಯಾಪ್ತಿಯನ್ನು ಅರಸುವವರಿಗೆ ಈ ತಂಡಗಳ ಪಟ್ಟಿಯೇ ಒಂದು ನಾಮಕೋಶವಾಗಬಲ್ಲುದು.

ಇಷ್ಟರಿಂದ ಫಲಿಸುವುದೇನೆಂದರೆ: ಕೊಡವ ಒಕ್ಕದ ಹೆಸರು ಷಷ್ಠ್ಯಂತ, ಆದುದರಿಂದ ಅದರ ಸ್ಥಾನವು ಅಂಕಿತಕ್ಕೆ ಮುಂಚೆ, ಆ ಸ್ಥಾನದ ಕಾರಣದಿಂದಲೇ ಪರಕೀಯ ಪದ್ಧತಿಯು ಅದನ್ನು ಒಂದಕ್ಷರವಾಗಿಸಿತು. ಸಂತತಿಯಿಲ್ಲದೆ ಅಳಿಯಬಹುದಾದ ಹೆಸರಿಗೆ ಪೂರ್ವಿಕರು ಒಕ್ಕಪರಿಜೆಯನ್ನು ವಿಧಿಸಿದರು. ಸಂತತಿಯಿದ್ದೂ ಲೇಖನಿಯಿಂದ ಅಳಿಯುವ ಹೆಸರಿಗೆ ವಿಧಿಯನ್ನು ಕಲ್ಪಿಸಬೇಕಾದವರು ಇಂದಿನ ವಿದ್ವಾಂಸರು. ಸಾಹಿತ್ಯಚರಿತ್ರೆಯನ್ನು ಬೋಧಿಸುವವರು ಅಪ್ಪಚ್ಚ ಕವಿಯನ್ನು ಅಪ್ಪನೆರವಂಡ ಒಕ್ಕದವನೆಂದು ಹೇಳುವುದೂ, ಗ್ರಂಥಗಳ ಅನುಕ್ರಮಣಿಕೆಯನ್ನು ರಚಿಸುವವರು ಕಾರ್ಯಪ್ಪ, ತಿಮ್ಮಯ್ಯ ಇವರಿಬ್ಬರನ್ನೂ ‘ಕೊಡಂದೇರ’ ಎಂಬ ಒಂದೇ ಶೀರ್ಷಿಕೆಯ ಕೆಳಗೆ ಕನ್ನಡಾಕ್ಷರಗಳಲ್ಲಿ ಪೂರ್ಣವಾಗಿ ಬರೆಯುವುದೂ ಕಷ್ಟವಾದ ಕಾರ್ಯವಲ್ಲ. ಹಾಗೆ ಬರೆದಲ್ಲಿ ಒಂದೇ ಐನ್‌ಮನೆಯ ಇಬ್ಬರು ಮಕ್ಕಳು ಒಂದೇ ಪುಟದಲ್ಲಿ ಸೇರುವರು.